ಎಷ್ಟು ಮಹಡಿ? ಎಷ್ಟು ಎಕರೆ?

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಆಸುಪಾಸಿನಲ್ಲಿ ಹಳೆಯ ಮನೆಯಿರುವ ಒಂದು ಸಂಸಾರಕ್ಕೆ ಮೇಲೊಂದು ಕೋಣೆ ಹಾಕಿಸಬೇಕೆನ್ನಿಸಿತು ಎನ್ನಿ. ಮಗನ ಮದುವೆಯಾಗಿದೆ, ಜಾಗ ಸಾಲದು. ಇಟ್ಟಿಗೆ, ಸಿಮೆಂಟು, ಮೇಸ್ತ್ರಿಯ ಕೂಲಿ ಎಲ್ಲವನ್ನೂ ಹೊಂದಿಸಿಕೊಂಡರೂ ಒಂದು ಮಾತು ಉಳಿದೇ ಉಳಿಯುತ್ತದೆ: ದೇವಾಲಯದ ಗಡಿಯಿಂದ ಮನೆ ಎಷ್ಟು ದೂರ? 100 ಮೀಟರಿನ ಒಳಗಿದ್ದರೆ ಹೊಸದಾಗಿ ಕಟ್ಟುವಂತಿಲ್ಲ. ರಿಪೇರಿ ಮಾಡಿಸಲೂ ಅಪ್ಪಣೆ ಬೇಕು. ಅದರಾಚೆಗಿನ 200 ಮೀಟರಿನಲ್ಲಿದ್ದರೆ ಕಟ್ಟಬಹುದು, ಆದರೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಒಪ್ಪಬೇಕು. 1992ರ ಅಧಿಸೂಚನೆಯಲ್ಲಿ ಹುಟ್ಟಿದ ಈ ಗೆರೆಗಳು 2010ರ ತಿದ್ದುಪಡಿಯಿಂದ ಕಾಯಿದೆಯ ಭಾಗವೇ ಆದವು. ಒಂಬತ್ತನೆಯ ಶತಮಾನದ ಗುಡಿಗೆ ಇಷ್ಟು ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ಮರ್ಯಾದೆಯ ಖರ್ಚು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದನ್ನು ಕಾಯಿದೆ ಹೇಳುವುದಿಲ್ಲ.

ಅದೇ ಮನೆಯ ತಾರಸಿಯಲ್ಲಿ ನಿಂತು ತಲೆಯೆತ್ತಿದರೆ ವಿಮಾನ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಬಾಗಿಲು ತೆರೆದ ಮೇಲೆ ಈ ಸೀಮೆಯ ಆಕಾಶಕ್ಕೂ ಒಂದು ಖಾತೆ, ಪಹಣಿ ಬಂದಂತಾಗಿದೆ. 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 20 ಕಿಲೋಮೀಟರ್ ವರೆಗೆ ಕಟ್ಟಡದ ಎತ್ತರ ವಿಮಾನಯಾನದವರ ಲೆಕ್ಕಕ್ಕೆ ಒಳಪಟ್ಟದ್ದು. ಬಣ್ಣ ಬಣ್ಣದ ನಕ್ಷೆಯಲ್ಲಿ ಯಾವ ಚೌಕಕ್ಕೆ ಎಷ್ಟು ಮೀಟರ್ ಎಂದು ಗುರುತಿರುತ್ತದೆ. ತಮಾಷೆಯೆಂದರೆ, ಈ ನಿಯಮವನ್ನು ಎಲ್ಲರಿಗಿಂತ ಮೊದಲು ಮುರಿದಿರುವುದು ನಂದಿಬೆಟ್ಟವೇ! ಸಮುದ್ರಮಟ್ಟದಿಂದ ವಿಮಾನ ನಿಲ್ದಾಣ 915 ಮೀಟರ್, ಬೆಟ್ಟ 1478 ಮೀಟರ್. ನೇರ ಗೆರೆ ಎಳೆದರೆ ಬೆಟ್ಟದ ನೆತ್ತಿ 20 ಕಿಲೋಮೀಟರಿನ ಅಂಚಿನೊಳಗೇ ಬೀಳುತ್ತದೆ. ಬೆಟ್ಟಕ್ಕೆ ನೋಟೀಸು ಕೊಡುವವರಿಲ್ಲ. ವಿಮಾನಗಳೇ ಅದನ್ನು ಲೆಕ್ಕಕ್ಕೆ ಹಿಡಿದುಕೊಂಡು ಹಾರುತ್ತವೆ.

ಬೆಟ್ಟವನ್ನು ದಾಟಿ ಉತ್ತರಕ್ಕೆ ಬಂದರೆ ಚಿಕ್ಕಬಳ್ಳಾಪುರ. ಅದು ಆ ವೃತ್ತದ ಹೊರಗಿದೆ. ಹೊನ್ನಾವರದಿಂದ ಹೊರಟು ಬರುವ 69ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ಹೂವಿನ ದಾರದಂತೆ ಪೋಣಿಸಿಕೊಂಡು ಮುಂದೆ ಹೋಗುತ್ತದೆ. ಒಂದರಲ್ಲಿ ಸಿದ್ಧ ಉಡುಪು, ಇನ್ನೊಂದರಲ್ಲಿ ಹೂವು, ದ್ರಾಕ್ಷಿ, ಮತ್ತೊಂದರಲ್ಲಿ ರೇಷ್ಮೆ, ಕೊನೆಯದರಲ್ಲಿ ದಿನಸಿ, ಟೊಮೆಟೊ ವ್ಯಾಪಾರ. ನಾಲ್ಕೂ ಕಡೆ ಮಾತಿಗೆ ಕೂತರೆ ಕನ್ನಡದ ನಡುವೆ ತೆಲುಗು, ತೆಲುಗಿನ ನಡುವೆ ಕನ್ನಡ. ನಾಲ್ಕೂ ಊರು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ಮಾರನೆಯ ವರ್ಷ ವಿಮಾನ ಬಂತು. ಸರ್ಕಾರಿ ಕಚೇರಿಯ ಹಿಂದೆ ಲಾಡ್ಜು, ಲಾಡ್ಜಿನ ಹಿಂದೆ ಬಡಾವಣೆ, ಬಡಾವಣೆಯ ಹಿಂದೆ ಬೆಂಗಳೂರಿನ ದುಡ್ಡು.

ಈಗ ಊರೂರಿನಲ್ಲಿ ಕೇಳಿಬರುವ ಪ್ರಶ್ನೆಗಳು ಎರಡು. ಊರು ಎಷ್ಟು ಎತ್ತರಕ್ಕೆ ಬೆಳೆಯಬೇಕು? ಹೊಸ ಉದ್ಯಮ ಬರಬೇಕಾದರೆ ಏನನ್ನು ಬಿಟ್ಟುಕೊಡಬೇಕು? ಮೊದಲನೆಯದು ನಗರಸಭೆಯ ಪ್ರಶ್ನೆ, ಎರಡನೆಯದು ವಿಧಾನಸೌಧದ್ದು ಎಂದು ಬೇರೆ ಬೇರೆ ಮಾಡಿ ನೋಡುವುದು ರೂಢಿ. ಆದರೆ ಮಹಡಿಯ ಲೆಕ್ಕ ತಪ್ಪಿದರೆ ಎಕರೆಯ ಲೆಕ್ಕದಲ್ಲಿ ತೆರಬೇಕಾಗುತ್ತದೆ ಎಂಬುದು ಈ ನಾಲ್ಕು ಊರಿನ ಸುತ್ತ ತಿರುಗಿದರೆ ಕಣ್ಣಿಗೆ ಕಾಣುವ ಸಂಗತಿ.

ಮೂವತ್ತು ನಲವತ್ತರ ಗಣಿತ

ಎತ್ತರದ ಮಿತಿ ಎಂದೊಡನೆ ‘ಇಷ್ಟು ಅಡಿಗಿಂತ ಮೇಲೆ ಏರಕೂಡದು’ ಎಂಬ ಒಂದು ಫಲಕವನ್ನು ಜನ ಊಹಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಹಲವು ಕಡೆಯಿಂದ ಬಂದು ಸೇರುವ ಲೆಕ್ಕ. ಮೊದಲನೆಯದು ನಿವೇಶನಕ್ಕೂ ಒಟ್ಟು ಕಟ್ಟಡಕ್ಕೂ ಇರುವ ಅನುಪಾತ. ಮೂವತ್ತು ನಲವತ್ತರ ನಿವೇಶನವೆಂದರೆ 1200 ಚದರಡಿ. ಅನುಪಾತ 1.75 ಇದ್ದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಇಡೀ ನಿವೇಶನವನ್ನು ತುಂಬುವಂತಿಲ್ಲವಾದ್ದರಿಂದ ಈ ಲೆಕ್ಕ ಎರಡು ಮೂರು ಅಂತಸ್ತಿಗೆ ಬಂದು ನಿಲ್ಲುತ್ತದೆ. ಎರಡನೆಯದು ಮುಂದಿನ ರಸ್ತೆಯ ಅಗಲ. ರಸ್ತೆ ಅಗಲವಾದಷ್ಟೂ ಅನುಪಾತ ಹೆಚ್ಚು. ಮೂರನೆಯದು ಸುತ್ತ ಬಿಡಬೇಕಾದ ಜಾಗ. ನಾಲ್ಕನೆಯದು ಬೆಂಕಿ: ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಎತ್ತರದ ಕಟ್ಟಡವೆಂದು ಕರೆದು ಬೇರೆಯೇ ಜವಾಬ್ದಾರಿಗಳನ್ನು ಹೊರಿಸುತ್ತದೆ. ಗೆರೆ ಎಳೆದಲ್ಲೆಲ್ಲ ಗೆರೆಗೆ ಒಂದು ಗೇಣು ಕೆಳಗೆ ನಿಲ್ಲುವ ಜಾಣತನವೂ ಹುಟ್ಟಿಕೊಳ್ಳುತ್ತದೆನ್ನಿ.

ಈ ಲೆಕ್ಕವನ್ನು ಹಳೆಯ ಪೇಟೆಬೀದಿಗೆ ತಂದರೆ ಏನಾಗುತ್ತದೆ? ಚಿಂತಾಮಣಿಯನ್ನೇ ನೋಡಬಹುದು. 2011ರ ಜನಗಣತಿಯಲ್ಲಿ ಜಿಲ್ಲಾ ಕೇಂದ್ರಕ್ಕಿಂತ ಹೆಚ್ಚು ಜನರಿದ್ದ ಊರಿದು. ಸುತ್ತಲಿನ ತಾಲ್ಲೂಕುಗಳಿಗೆ, ಗಡಿಯಾಚೆಯ ಆಂಧ್ರದ ಹಳ್ಳಿಗಳಿಗೂ ಸಂತೆ, ಸಗಟು. ಇಲ್ಲಿನ ಪೇಟೆ ಬೆಳೆದದ್ದು ಎತ್ತಿನ ಗಾಡಿಯ ಕಾಲದಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಗೋದಾಮು. ಅಂಥ ಬೀದಿಯಲ್ಲಿ ರಸ್ತೆಯಗಲದ ನಿಯಮವನ್ನು ಅಕ್ಷರಶಃ ಹಿಡಿದರೆ ಒಂದು ಬ್ಯಾಂಕು, ಒಂದು ಜವಳಿ ಮಳಿಗೆ, ಒಂದು ನರ್ಸಿಂಗ್ ಹೋಂ ಹಿಡಿಸುವಷ್ಟು ಕಟ್ಟಡಕ್ಕೂ ಪರವಾನಗಿ ಹುಟ್ಟುವುದು ಕಷ್ಟ. ಆಗ ಬ್ಯಾಂಕು ಬೈಪಾಸಿಗೆ ಹೋಗುತ್ತದೆ. ಅದರ ಬೆನ್ನಿಗೆ ಜವಳಿ ಮಳಿಗೆ. ಬೈಪಾಸಿನ ಆಚೀಚೆ ನೆನ್ನೆಯವರೆಗೆ ರಾಗಿ ಹೊಲವಾಗಿದ್ದದ್ದು ಅನ್ಯಕ್ರಾಂತವಾಗಿ ‘ಸೈಟು’ ಆಗುತ್ತದೆ. ಪೇಟೆಯ ವರ್ತಕರ ವಾದದ ತಿರುಳು ಇದೇ: ಊರೊಳಗೆ ಇನ್ನೆರಡು ಮಹಡಿ ಕೊಟ್ಟರೆ ವ್ಯಾಪಾರ ಊರಲ್ಲೇ ಉಳಿಯುತ್ತದೆ.

ಇದಕ್ಕೆ ಎದುರು ವಾದವೂ ಅಷ್ಟೇ ಗಟ್ಟಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಸತ್ತರು. ಅದೇನು ಮುಗಿಲು ಮುಟ್ಟುವ ಕಟ್ಟಡವಲ್ಲ, ಏಳು ಅಂತಸ್ತು ಅಷ್ಟೆ. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. ರಾಜ್ಯದ ಅಗ್ನಿಶಾಮಕ ಇಲಾಖೆ 2023ರಲ್ಲಿ 90 ಮೀಟರ್ ಏರುವ ಏಣಿಯ ವಾಹನ ತರಿಸಿಕೊಂಡಿತು. ಅದು ಇರುವುದು ಬೆಂಗಳೂರಿನಲ್ಲಿ. ಚಿಂತಾಮಣಿಯ ಸಂದಿಯೊಂದರಲ್ಲಿ ಐದನೆಯ ಮಹಡಿಗೆ ಬೆಂಕಿ ಬಿದ್ದರೆ ಏಣಿಯ ಮಾತು ಹಾಗಿರಲಿ, ನೀರಿನ ಗಾಡಿ ತಿರುಗುವುದಕ್ಕೆ ಜಾಗ ಬೇಡವೇ?

ಬೆಂಕಿಯ ಹಂಗೇ ಇಲ್ಲದೆ ತಾವಾಗಿ ಕುಸಿದವುಗಳ ಕಥೆ ಇನ್ನೂ ಕಹಿ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕಟ್ಟುತ್ತಿರುವಾಗಲೇ ಕುಸಿದು 123 ಜನ ಸತ್ತರು. ಅದು ರಾಜಧಾನಿಯ ಮಾತು ಎನ್ನುವಂತಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕೆಲಸ ಮುಗಿಯದಿದ್ದ ಕಟ್ಟಡ ಬಿದ್ದು 19 ಜೀವ ಹೋಯಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಪರವಾನಗಿಗಿಂತ ಹೆಚ್ಚು ಅಂತಸ್ತು ಏರಿಸಿದ್ದ ಕಟ್ಟಡ ಮಳೆಗಾಲದಲ್ಲಿ ಮಣ್ಣುಗೂಡಿ ಒಂಬತ್ತು ಮಂದಿ ಕೂಲಿಕಾರರನ್ನು ಬಲಿ ತೆಗೆದುಕೊಂಡಿತು. ಇವೆಲ್ಲ ಚಿಕ್ಕಬಳ್ಳಾಪುರದಲ್ಲೋ ಶಿಡ್ಲಘಟ್ಟದಲ್ಲೋ ಯಾರಾದರೂ ಕಟ್ಟಿಸಬಹುದಾದಷ್ಟೇ ಎತ್ತರದವು ಎಂಬುದನ್ನು ಗಮನಿಸಬೇಕು. ಕೊಂದದ್ದು ಎತ್ತರವೋ, ತಳಪಾಯವೋ, ತಪಾಸಣೆಗೆ ಬಾರದ ಇಂಜಿನಿಯರೋ ಎಂಬುದು ಪ್ರತಿ ಸಲದ ಚರ್ಚೆ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ಮಂಜೂರಾದ ನಕ್ಷೆಯಂತೆ ಕಟ್ಟಡ ಮುಗಿದಿದೆ ಎಂಬ ಪ್ರಮಾಣಪತ್ರವಿಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದು ಎಂದು. ಮರುವರ್ಷ ರಾಜ್ಯದಲ್ಲಿ ಗುಲ್ಲೋ ಗುಲ್ಲು. ಮನೆ ಕಟ್ಟಿ ಮುಗಿಸಿದವರು ಮೀಟರಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಸರ್ಕಾರ 1200 ಚದರಡಿ ವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು, ಅಥವಾ ಕೆಳಗೆ ವಾಹನ ನಿಲ್ಲಿಸಲು ಬಿಟ್ಟು ಮೂರು ಅಂತಸ್ತು ಕಟ್ಟಿಕೊಂಡವರಿಗೆ ವಿನಾಯಿತಿ ಕೊಡುವ ತೀರ್ಮಾನ ಮಾಡಿತು. ಬಡವರ, ಮಧ್ಯಮ ವರ್ಗದವರ ಮನೆಗೆ ದೀಪ ಬಂತು, ಸಂತೋಷ. ಆದರೆ ನೆಲದ ಮೇಲೆ ಎರಡು ಎಂಬುದೇ ಸಣ್ಣ ಊರುಗಳ ಅಘೋಷಿತ ಎತ್ತರದ ಮಿತಿಯಾಗಿ ಕೂತುಬಿಟ್ಟರೆ ಆಶ್ಚರ್ಯಪಡಬೇಕಿಲ್ಲ. ಅಷ್ಟರೊಳಗಿದ್ದರೆ ಕೇಳುವವರಿಲ್ಲ, ಅದನ್ನು ಮೀರಿದರೆ ಕಚೇರಿಯ ಮೆಟ್ಟಿಲು. ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ?

ಮೇಲೇರದ ಊರು ಅಡ್ಡಡ್ಡ ಹಬ್ಬುತ್ತದೆ.

ಕಾರ್ಖಾನೆ ಬೇಕು, ಜಮೀನು ಯಾರದು?

ನಂದಿಯ ಬುಡದಲ್ಲೇ ಮುದ್ದೇನಹಳ್ಳಿ. ಕೈಗಾರಿಕೆಯಿಲ್ಲದೆ ನಾಡಿಗೆ ಉಳಿಗಾಲವಿಲ್ಲ ಎಂದು ಜೀವಮಾನವಿಡೀ ಹೇಳುತ್ತ ಹೋದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರ ಮಾತಿಗೆ ಅವರ ತವರಿನಲ್ಲಿ ಎರಡು ಬಗೆಯ ಒಕ್ಕಣೆ ಇದೆ. ಒಂದು, ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುವ ಗೌರಿಬಿದನೂರಿನ ಹುಡುಗರದು: ಕಾರ್ಖಾನೆ ಇಲ್ಲಿಗೇ ಬರಲಿ. ಇನ್ನೊಂದು, ಮೂರು ಎಕರೆಯಲ್ಲಿ ಹಿಪ್ಪುನೇರಳೆ, ದ್ರಾಕ್ಷಿ, ಗುಲಾಬಿ ಬೆಳೆದು ಸಂಸಾರ ಸಾಗಿಸುವವರದು: ಬರಲಿ, ಆದರೆ ತೋಟದ ಮೇಲೆ ಬೇಡ.

ಸರ್ಕಾರದ ಕೈಗಾರಿಕಾ ನೀತಿಗಳು ಬೆಂಗಳೂರಿನಾಚೆ ಹೋಗುವವರಿಗೆ ಹೆಚ್ಚು ರಿಯಾಯಿತಿ ಕೊಡುತ್ತ ಬಂದಿವೆ. 2025ರಲ್ಲಿ ಬಂದ ನೀತಿಯೂ ಹಾಗೆಯೇ. ಗೌರಿಬಿದನೂರಿನ ಬಳಿ ಕುಡುಮಲಕುಂಟೆ, ಚಿಂತಾಮಣಿ ತಾಲ್ಲೂಕಿನಲ್ಲಿ ಮಸ್ತೇನಹಳ್ಳಿ ಕೈಗಾರಿಕಾ ಪ್ರದೇಶಗಳಿವೆ. ಆದರೆ ಹೂಡಿಕೆದಾರರ ಕಣ್ಣು ಸಹಜವಾಗಿಯೇ ವಿಮಾನ ನಿಲ್ದಾಣಕ್ಕೆ ಹತ್ತಿರದ ಜಾಗದ ಮೇಲೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಹೀಗೇ ಕಣ್ಣು ಬಿತ್ತು. 2022ರ ಏಪ್ರಿಲಿನಲ್ಲಿ ಧರಣಿ ಕೂತ ರೈತರು ಎದ್ದದ್ದು 2025ರ ಜುಲೈ 15ರಂದು, ಭೂಸ್ವಾಧೀನ ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ ಮೇಲೆ. ಹೆಚ್ಚುಕಡಿಮೆ 1,200 ದಿನ. ಅಷ್ಟು ದಿನದಲ್ಲಿ ರೇಷ್ಮೆ ಹುಳು ಎಷ್ಟು ಬಾರಿ ಗೂಡು ಕಟ್ಟೀತೆಂದು ಲೆಕ್ಕ ಹಾಕಬಹುದು.

ಅಲ್ಲಿಂದ ತಾಲ್ಲೂಕಿನ ಗಡಿ ದಾಟಿದರೆ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿ. ಇಲ್ಲಿಯೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 2,800 ಎಕರೆಗೂ ಹೆಚ್ಚು ಜಮೀನಿನ ಪ್ರಸ್ತಾವ ಮುಂದಿಟ್ಟಿತು. ಚನ್ನರಾಯಪಟ್ಟಣದಲ್ಲಿ ವಿರೋಧದ ದನಿಯೇ ದೊಡ್ಡದಾಗಿ ಕೇಳಿಸಿದರೆ ಇಲ್ಲಿ ಊರುಗಳು ಇಬ್ಭಾಗವಾದವು. ಕೊಡುತ್ತೇವೆ ಎನ್ನುವವರದ್ದೊಂದು ಗುಂಪು, ಕೊಡುವುದಿಲ್ಲ ಎನ್ನುವವರದ್ದು ಇನ್ನೊಂದು. ಸರ್ಕಾರ 2025ರಲ್ಲಿ ರೈತರ ಅಭಿಪ್ರಾಯ ಸಂಗ್ರಹಕ್ಕೇ ಕೂರಬೇಕಾಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಕೊಳವೆಬಾವಿ ಬತ್ತಿ, ಮಕ್ಕಳು ಪೇಟೆ ಸೇರಿ, ಸಾಲ ಬೆಳೆದವನಿಗೆ ಎಕರೆಗೆ ಸಿಗುವ ಪರಿಹಾರ ದೇವರು ಕೊಟ್ಟ ದಾರಿ. ಅದೇ ಊರಿನಲ್ಲಿ ನೀರು ಉಳಿದಿರುವ, ತೋಟ ನಳನಳಿಸುವ ಮನೆಗೆ ಅದೇ ಪರಿಹಾರ ಬದುಕಿನ ಬೆಲೆ ಕಟ್ಟುವ ಅವಮಾನ. ಒಂದೇ ಸರ್ವೆ ನಂಬರಿನ ಅಣ್ಣತಮ್ಮಂದಿರಲ್ಲೇ ಈ ಎರಡು ಮಾತು ಬರುವುದುಂಟು.

1,777 ಎಕರೆಯೆಂದರೆ ಏಳು ಮುಕ್ಕಾಲು ಕೋಟಿ ಚದರಡಿ. ಈ ಅಂಕಿ ನೋಡಿದವರಿಗೆ ಒಂದು ಪ್ರಶ್ನೆ ಹೊಳೆಯಬೇಕು. ಇಷ್ಟೂ ಕೆಲಸ ನೆಲದ ಮೇಲೇ ಆಗಬೇಕೆ?

ಮಹಡಿಯ ಮೇಲೆ ಕಾರ್ಖಾನೆ

ಎಲ್ಲ ಕಾರ್ಖಾನೆಯೂ ಮೆಟ್ಟಿಲು ಹತ್ತುವುದಿಲ್ಲ. ಶಿಡ್ಲಘಟ್ಟದ ಉದಾಹರಣೆಯೇ ಸಾಕು. ರಾಮನಗರ ಬಿಟ್ಟರೆ ರೇಷ್ಮೆಗೂಡಿಗೆ ರಾಜ್ಯದ ದೊಡ್ಡ ಮಾರುಕಟ್ಟೆ ಇಲ್ಲಿನದು. ಗೂಡು ಕೊಂಡ ರೀಲರು ಅದನ್ನು ಬೇಯಿಸಬೇಕು, ನೂಲು ಬಿಚ್ಚಬೇಕು. ಅದಕ್ಕೆ ಬಾಯ್ಲರು, ಸೌದೆ ಅಥವಾ ಹೊಟ್ಟು, ಹಂಡೆಗಟ್ಟಲೆ ನೀರು, ನೀರು ಹರಿದು ಹೋಗಲು ಚರಂಡಿ, ಸತ್ತ ಹುಳುವಿನ ವಾಸನೆ ತಾಳಿಕೊಳ್ಳುವ ನೆರೆಹೊರೆ. ಈ ಸಂಸಾರ ನೆಲದ ಮೇಲೇ ಚೆಂದ. ಶಿಡ್ಲಘಟ್ಟದ ಮನೆಗಳ ನಡುವೆ ಹೊಗೆ ಕೊಳವೆ ತಲೆಯೆತ್ತಿರುವುದಕ್ಕೆ ಕಾರಣ ಇದೇ. ಹೊಸ ಸ್ವಯಂಚಾಲಿತ ಯಂತ್ರಗಳಂತೂ ಇನ್ನೂ ಭಾರ. ಇವನ್ನು ಮಹಡಿಗೆ ಏರಿಸಿ ಎನ್ನುವುದು ಆನೆಯನ್ನು ಅಟ್ಟಕ್ಕೆ ಹತ್ತಿಸಿದಂತೆ.

ಹೊಲಿಗೆ ಹಾಗಲ್ಲ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಇಸ್ತ್ರಿ, ಪ್ಯಾಕಿಂಗು ನಾಲ್ಕನೆಯ ಮಹಡಿಯಲ್ಲೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಜೋಡಣೆ, ಔಷಧಿ ಪ್ಯಾಕಿಂಗು, ಸಣ್ಣ ಬಿಡಿಭಾಗಗಳ ಕೆಲಸ ಕೂಡ. ಜಾಗವೇ ಇಲ್ಲದ ಸಿಂಗಪುರ 1960ರ ದಶಕದಿಂದಲೇ ಮಹಡಿ ಮಹಡಿಯಾಗಿ ಸಣ್ಣ ಕಾರ್ಖಾನೆಗಳನ್ನು ಜೋಡಿಸಿ ಬಾಡಿಗೆಗೆ ಕೊಟ್ಟಿತು. ಸರಕಿಗೊಂದು ದೊಡ್ಡ ಲಿಫ್ಟು, ಭಾರ ತಾಳುವ ನೆಲ, ಎರಡು ಮೆಟ್ಟಿಲು. ಗೌರಿಬಿದನೂರು, ಚಿಕ್ಕಬಳ್ಳಾಪುರಗಳಲ್ಲಿ ಇಂಥ ಕಟ್ಟಡಗಳು ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಮುಂಜಾನೆ ಕತ್ತಲಲ್ಲಿ ವ್ಯಾನು ಕಾಯುವ ಹೆಣ್ಣುಮಕ್ಕಳಿಗೆ ಎಷ್ಟು ಉಪಕಾರ! ಉದ್ಯಮಿಗೂ ನೂರು ಎಕರೆ ಹುಡುಕಿ, ಕೋರ್ಟು ಅಲೆದು ಕಾಯುವ ಕೆಲಸ ತಪ್ಪುತ್ತದೆ.

ಆದರೆ ಈ ಮಾತು ಹೇಳುವಾಗ ಢಾಕಾದ ಬಳಿಯ ರಾಣಾ ಪ್ಲಾಜಾ ನೆನಪಾಗದೆ ಇರುವುದಿಲ್ಲ. 2013ರ ಏಪ್ರಿಲ್ 24ರಂದು ಎಂಟು ಅಂತಸ್ತಿನ ಆ ಗಾರ್ಮೆಂಟ್ಸ್ ಕಟ್ಟಡ ಕುಸಿದು 1,134 ಮಂದಿ ಸತ್ತರು. ಮೇಲಿನ ಅಂತಸ್ತುಗಳಿಗೆ ಪರವಾನಗಿಯೇ ಇರಲಿಲ್ಲ. ಹಿಂದಿನ ದಿನ ಗೋಡೆ ಬಿರುಕು ಬಿಟ್ಟದ್ದನ್ನು ಕಂಡೂ ಮಾರನೆಯ ಬೆಳಿಗ್ಗೆ ಕಾರ್ಮಿಕರನ್ನು ಒಳಕ್ಕೆ ಕಳಿಸಿದ್ದರು. ಒಂದು ಮನೆಯ ಮೂರನೆಯ ಮಹಡಿಯನ್ನೇ ತಪಾಸಣೆ ಮಾಡಲಾಗದ ವ್ಯವಸ್ಥೆ ಐದು ಮಹಡಿಯ ಕಾರ್ಖಾನೆಗೆ ಹೇಗೆ ಜವಾಬ್ದಾರಿ ಹೊತ್ತೀತು? ಎತ್ತರಕ್ಕೆ ಅನುಮತಿ ಕೊಡುವುದು ಒಂದು ಸಹಿಯ ಕೆಲಸ. ಇಂಜಿನಿಯರನ್ನು ನೇಮಿಸಿ, ಅವರನ್ನು ಮೆಟ್ಟಿಲು ಹತ್ತಿಸುವುದು ವರ್ಷಾನುಗಟ್ಟಲೆ ಸಂಬಳದ ಕೆಲಸ.

ಗೌರಿಬಿದನೂರಿಗಂತೂ ಬೇರಾವ ಊರಿಗೂ ಇಲ್ಲದ ಇನ್ನೊಂದು ಸಂಕೋಚವಿದೆ. ಊರಿನ ಹೊರಗೆ ಹೊಲಗಳ ನಡುವೆ ಕಂಬ, ತಂತಿಗಳ ಸಾಲು ಕಾಣುತ್ತದೆ. ಅದು 1976ರಿಂದ ಇರುವ ರೇಡಿಯೋ ವೀಕ್ಷಣಾಲಯ. ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಡೈಪೋಲ್‌ಗಳನ್ನು ನೆಟ್ಟು ಆಕಾಶಕ್ಕೆ ಕಿವಿಗೊಟ್ಟ ಜಾಗ. 1997ರಿಂದ ಸೂರ್ಯನನ್ನು ಆಲಿಸುವ ಇನ್ನೊಂದು ಜಾಲವೂ ಸೇರಿತು. ಅದಕ್ಕೂ ಹಳೆಯದು 1965ರ ಭೂಕಂಪ ಮಾಪನ ಕೇಂದ್ರ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಈ ಉಪಕರಣಗಳು ಮೈಲಿಗಟ್ಟಲೆ ಉದ್ದಕ್ಕೆ ಹರಡಿಕೊಂಡು, ದೂರದ ದೇಶಗಳ ಅಣ್ವಸ್ತ್ರ ಪರೀಕ್ಷೆಯ ಅದುರನ್ನೂ ಗುರುತಿಸುತ್ತವೆ. ಎರಡಕ್ಕೂ ಬೇಕಾದದ್ದು ಒಂದೇ, ನಿಶ್ಶಬ್ದ. ಮೋಟಾರಿನ ಕಿಡಿ, ರೇಡಿಯೋ ಗದ್ದಲ ಒಂದಕ್ಕೆ ತೊಡಕಾದರೆ, ಭಾರಿ ಯಂತ್ರದ ಅದುರು, ಕ್ವಾರಿಯ ಸಿಡಿಮದ್ದು ಇನ್ನೊಂದಕ್ಕೆ. ಒಂದು ಕಾಲಕ್ಕೆ ಗೌರಿಬಿದನೂರು ಹಿಂದುಳಿದಿತ್ತು ಎಂಬುದೇ ಅದರ ಅರ್ಹತೆಯಾಗಿತ್ತು. ಈಗ ಊರು ಮುಂದುವರಿಯಬೇಕು, ಕಿವಿಗೊಟ್ಟವರಿಗೂ ಕೇಳಿಸಬೇಕು.

ಅಲ್ಲಿ ಏರಿದಂತೆ ಇಲ್ಲಿ ಇಳಿಯುವುದು

ಎತ್ತರದ ಚರ್ಚೆಯಲ್ಲಿ ಚಿಕ್ಕಬಳ್ಳಾಪುರ ಬಹಳ ಹಿಂದೆಯೇ ಪಾತ್ರ ವಹಿಸಿಯಾಗಿದೆ, ಆದರೆ ಬೆಂಗಳೂರಿನ ಪರವಾಗಿ. ಅಲ್ಲಿನ ಗೋಪುರಗಳಿಗೆ ಬೇಕಾದ ಜಲ್ಲಿ, ಸೈಜುಗಲ್ಲು, ಎಂ-ಸ್ಯಾಂಡು ಈ ಸೀಮೆಯ ಬೆಟ್ಟಗುಡ್ಡಗಳಿಂದಲೂ ಹೋಗುತ್ತದೆ. ಪೇರೇಸಂದ್ರ ಕಡೆಯ ರಸ್ತೆಗಳಲ್ಲಿ ಟಿಪ್ಪರುಗಳದೇ ರಾಜ್ಯ. 2021ರ ಫೆಬ್ರವರಿ 23ರ ನಡುರಾತ್ರಿ ಹಿರೇನಾಗವಲ್ಲಿಯ ಬಳಿ ಕ್ವಾರಿಗೆ ಸೇರಿದ ಜಿಲೆಟಿನ್ ಸಿಡಿದು ಆರು ಮಂದಿ ಛಿದ್ರವಾದರು. ಬೆಂಗಳೂರಿನ ಎತ್ತರಕ್ಕೆ ತೆತ್ತ ಆ ಬೆಲೆ ಯಾವ ಫ್ಲಾಟಿನ ಕ್ರಯಪತ್ರದಲ್ಲೂ ನಮೂದಾಗುವುದಿಲ್ಲ.

ಅಲ್ಲಿಂದ ಇಲ್ಲಿಗೆ ಬರುವುದೇನು? ನೀರು, ಅಂದರೆ ಬೆಂಗಳೂರು ಬಳಸಿ ಬಿಟ್ಟ ನೀರು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೊಳವೆಯಲ್ಲಿ ತಂದು ಕಂದವಾರ ಕೆರೆಯೂ ಸೇರಿದಂತೆ ಇಲ್ಲಿನ ಕೆರೆಗಳಿಗೆ ಬಿಡಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂಬ ಬೇಡಿಕೆ ರೈತ ಸಂಘಟನೆಗಳದು. ಕೆರೆ ತುಂಬಿದ್ದು ಕಂಡು ಹಿಗ್ಗಿದವರು, ನೊರೆ ಕಂಡು ಹೆದರಿದವರು ಇಬ್ಬರೂ ಒಂದೇ ಏರಿಯ ಮೇಲೆ ನಿಲ್ಲುತ್ತಾರೆ.

ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇಷ್ಟೂ ನದಿಗಳು ನಂದಿಯ ಸುತ್ತಣ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಹಾಗಿದ್ದೂ ವರ್ಷವಿಡೀ ಹರಿಯುವ ಒಂದು ಹೊಳೆ ಜಿಲ್ಲೆಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು, ಫ್ಲೋರೈಡ್ ಬೆರೆತ ನೀರು, ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ತಾಲ್ಲೂಕುಗಳ ಹೆಸರು. ಶಾಶ್ವತ ನೀರಾವರಿಗಾಗಿ ಇಲ್ಲಿನ ರೈತರು 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೇ ನುಗ್ಗಿದ್ದರು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿಸಿಕೊಂಡ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಕಡೆ.

ಮಹಡಿಯ ಲೆಕ್ಕ ಇಲ್ಲಿಗೆ ಬಂದು ಮುಟ್ಟುತ್ತದೆ. ನಾಲ್ಕು ಅಂತಸ್ತಿನ ಒಂದು ಕಟ್ಟಡ, ಅಂತಸ್ತಿಗೆರಡರಂತೆ ಎಂಟು ಮನೆ, ಮನೆಗೆ ನಾಲ್ಕು ಜನ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ದಿನಕ್ಕೆ 4,320 ಲೀಟರ್. ಹೆಚ್ಚುಕಡಿಮೆ ಒಂದು ಟ್ಯಾಂಕರು, ಪ್ರತಿದಿನ. ಅಂಥ ಇಪ್ಪತ್ತು ಕಟ್ಟಡ ಒಂದು ಬೀದಿಗೆ ಬಂದರೆ? ಜಕ್ಕಲಮಡುಗು ಜಲಾಶಯವನ್ನು ದೊಡ್ಡಬಳ್ಳಾಪುರದೊಂದಿಗೆ ಹಂಚಿಕೊಂಡು ಕುಡಿಯುವ ಚಿಕ್ಕಬಳ್ಳಾಪುರಕ್ಕೆ ಈ ಪ್ರಶ್ನೆ ಹೊಸದಲ್ಲ. ಎತ್ತರ ಬೇಡವೆನ್ನುವವರ ಬಲವಾದ ವಾದ ಇದು. ಆದರೆ ಅಷ್ಟೇ ಜನ ಬೈಪಾಸಿನಾಚೆಯ ಬಡಾವಣೆಯಲ್ಲಿ ಒಂದೊಂದೇ ಮನೆ ಕಟ್ಟಿಕೊಂಡರೂ ಕುಡಿಯುವುದು ಅಷ್ಟೇ ನೀರು. ಮೇಲಾಗಿ ಕೊಳವೆ ಉದ್ದ, ಚರಂಡಿ ಉದ್ದ, ಕೆರೆಯ ರಾಜಕಾಲುವೆಯ ಮೇಲೊಂದು ರಸ್ತೆ. ಮನೆ ಎತ್ತರಕ್ಕೆ ಹೋದರೆ ನೀರು ಕಡಿಮೆಯಾಗುತ್ತದೆ ಎಂಬ ಹೆದರಿಕೆಯಷ್ಟೇ, ಮನೆ ಅಗಲಕ್ಕೆ ಹೋದರೆ ಕೆರೆಯೇ ಕಡಿಮೆಯಾಗುತ್ತದೆ ಎಂಬುದನ್ನೂ ತೂಗಿ ನೋಡಬೇಕು. ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೆ ಆಕಾಶದ ಮಿತಿಗೆ ವಿಮಾನದವರ ಕಾಗದ, ಗುಡಿಯ ಮಿತಿಗೆ ಪುರಾತತ್ವದವರ ಕಾಗದ, ಬೆಂಕಿಗೆ ಅಗ್ನಿಶಾಮಕದವರ ಕಾಗದ ಕೇಳುವುದುಂಟು. ಬಾವಿಯಲ್ಲಿ ಎಷ್ಟಿದೆ ಎಂಬ ಕಾಗದಕ್ಕೆ ಅಂಥ ಗತ್ತು ಇನ್ನೂ ಬಂದಿಲ್ಲ.

ಬೆಟ್ಟಗಳ ವಿಷಯದಲ್ಲೂ ಹೀಗೆಯೇ. ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ 2023ರ ಜನವರಿ 15ರಂದು ಅನಾವರಣಗೊಳ್ಳುವ ಕೆಲವೇ ದಿನ ಮೊದಲು ನಂದಿ ಸೀಮೆಯ ಪರಿಸರದ ಪ್ರಶ್ನೆ ಹೈಕೋರ್ಟಿನ ಮುಂದಿತ್ತು. ಯಥಾಸ್ಥಿತಿಗೆ ಆದೇಶವಾಯಿತು, ಬಳಿಕ ಸಮಾರಂಭಕ್ಕೆ ಅನುಮತಿ ಸಿಕ್ಕಿತು. ಆ ಮೇಲೆ ವಾರದ ಕೊನೆಗೆ ಬೆಂಗಳೂರಿನ ಕಾರುಗಳ ಸಾಲು ಉದ್ದವಾಯಿತು; ದಾರಿಯ ಬದಿಗೆ ಎಳನೀರು, ಜೋಳ, ಚಹಾ, ಊಟದ ಹೋಟೆಲು. ಇದೂ ಉದ್ಯಮವೇ. ನೂರು ಎಕರೆಯ ಕಾರ್ಖಾನೆಗಿಂತ ಬೇಗ ಹಳ್ಳಿಯವರ ಕೈಗೆ ಕಾಸು ತಂದ ಉದ್ಯಮವೂ ಹೌದು. ಎತ್ತರವೊಂದು ಜನರನ್ನು ಸೆಳೆದದ್ದು ನಿಜ. ಆದರೆ ಆ ಜನ ಬರುವುದು ಹಿನ್ನೆಲೆಯ ಬೆಟ್ಟಗಳು ಬೋಳಾಗದೆ ಕಾಣುವವರೆಗೆ ಮಾತ್ರ.

ಈ ಎಲ್ಲ ವಾದಕ್ಕೂ ಒಂದು ಅಧಿಕೃತ ಜಾಗವಿದೆ, ಅದು ನಗರದ ಮಹಾಯೋಜನೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಕರಡು ಸಿದ್ಧವಾದ ಮೇಲೆ ಅದನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗೆ ಗಡುವು ಕೊಡಬೇಕು. ಗೋಡೆಗೆ ದೊಡ್ಡ ನಕ್ಷೆ ತೂಗುಹಾಕುತ್ತಾರೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಬೇಸಾಯಕ್ಕೆ ಹಸಿರು. ಜನ ಬೆರಳಿಟ್ಟು ಹುಡುಕುವುದು ತಮ್ಮ ಸರ್ವೆ ನಂಬರಿಗೆ ಬಿದ್ದ ಬಣ್ಣವನ್ನು. ಹಳದಿಯಾದರೆ ಮುಖ ಅರಳುತ್ತದೆ, ಹಸಿರಾದರೆ ಬಾಡುತ್ತದೆ. ಬೇಸಾಯದ ನಾಡಿನಲ್ಲಿ ಇದೂ ಒಂದು ಸೋಜಿಗ. ಎಷ್ಟು ಅಗಲದ ರಸ್ತೆಗೆ ಎಷ್ಟು ಎತ್ತರ, ಎಷ್ಟು ಅನುಪಾತ ಎಂಬ ಕೋಷ್ಟಕ ಇರುವುದು ನಕ್ಷೆಯ ಜೊತೆಗೆ ಇಟ್ಟಿರುವ ದಪ್ಪ ಪುಸ್ತಕದ ಹಿಂದಿನ ಪುಟಗಳಲ್ಲಿ. ಆ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ಎತ್ತಿಕೊಂಡವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ಬಂದಿರುತ್ತಾರೆ.